ಪಂಡಿತಾ ರಮಾಬಾಯಿಯವರು: ಕಿವಿ ಮಂದವಾದ ವಿದ್ಯಾರ್ಥಿನಿಯ ಚರಿತ್ರೆ

ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ ಸೀಮೆಗಳ ನಮ್ಮ ಸಭೆಗಳಲ್ಲಿ ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದವರು ವಿರಳ. ಮನೆಯಲ್ಲಿ ಮರಾಠಿ ಮಾತಾಡುವ ನಮ್ಮ ಕುಟುಂಬಗಳಲ್ಲಂತೂ ಆಕೆಯ ಮುಕ್ತಿ ಸದನದ ಸುದ್ದಿಯನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುವುದುಂಟು. ವಿಧವೆಯರಿಗೆ ತಾಯಾದವರು, ಬರಗಾಲದಲ್ಲಿ ಅನಾಥ ಬಾಲಿಕೆಯರನ್ನು ರಕ್ಷಿಸಿದವರು, ಸತ್ಯವೇದವನ್ನು ಸುಲಭವಾದ ಮರಾಠಿಗೆ ತಿರುಗಿಸಿದವರು ಎಂದು ನಾವು ಆಕೆಯನ್ನು ಬಲ್ಲೆವು. ಆದರೆ ಆಕೆಗೆ ಕಿವಿ ಚೆನ್ನಾಗಿ ಕೇಳಿಸುತ್ತಿರಲಿಲ್ಲವೆಂಬುದನ್ನೂ, ಆ ಕೊರತೆಯನ್ನಿಟ್ಟುಕೊಂಡೇ ಪರದೇಶದಲ್ಲಿ ಎಳೆಯ ಮಗುವಿನೊಡನೆ ವಿದ್ಯಾರ್ಥಿನಿಯಾಗಿ ಬಾಳಿದರೆಂಬುದನ್ನೂ ನೆನೆಸುವವರು ಕಡಿಮೆ. ಆಕೆಯ ಚರಿತ್ರೆಯ ಆ ಭಾಗವನ್ನೇ ಈ ಸಾರಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ.

ರಮಾಬಾಯಿಯವರು ನಮ್ಮ ಕನ್ನಡನಾಡಿನ ಸಹ್ಯಾದ್ರಿಯಲ್ಲೇ ಹುಟ್ಟಿದವರು. ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ನೆಯ ಇಸವಿ ಎಪ್ರಿಲ್ 23ರಂದು ಆಕೆಯ ಜನನವಾಯಿತು. ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು; ಚಿತ್ಪಾವನ ಬ್ರಾಹ್ಮಣರು; ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಹೆಂಡತಿಗೆ ಸಂಸ್ಕೃತವನ್ನು ಕಲಿಸಬೇಕೆಂದು ಅವರು ಮನಸ್ಸು ಮಾಡಿದಾಗ ಸ್ವಜಾತಿಯವರು ವಿರೋಧಿಸಿದ್ದರಿಂದ, ಊರನ್ನು ಬಿಟ್ಟು ಆ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. ಬಂದ ಯಾತ್ರಿಕರಿಗೆಲ್ಲ ಅನ್ನವಿಕ್ಕಿ ಕೈಯಲ್ಲಿದ್ದ ಹಣ ತೀರಿಹೋಗಲು, ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗ ಕುಟುಂಬವು ಕಾಡಿನಿಂದ ಇಳಿದು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಹೊತ್ತು ಘಟ್ಟ ಇಳಿಸಿದರಂತೆ.

ಅಂದಿನಿಂದ ಹದಿನೈದು ವರ್ಷಗಳಿಗಿಂತ ಹೆಚ್ಚು ಕಾಲ ಆ ಕುಟುಂಬಕ್ಕೆ ಸ್ವಂತ ಮನೆಯಿರಲಿಲ್ಲ. ದೇವಸ್ಥಾನಗಳಲ್ಲಿ ಪುರಾಣವನ್ನು ಓದಿ ಜನರು ಕೊಟ್ಟದ್ದರಿಂದ ಜೀವಿಸುವುದು. ಮತ್ತೊಂದು ಊರಿಗೆ ನಡೆಯುವುದು. ತಾಯಿ ಲಕ್ಷ್ಮೀಬಾಯಿಯವರು ದಾರಿಯಲ್ಲೇ ಮಗಳಿಗೆ ಸಂಸ್ಕೃತ ಕಲಿಸಿದರು, ಯಾಕಂದರೆ ತಂದೆಗೆ ಆಗಲೇ ಮುಪ್ಪು ಬಂದಿತ್ತು. ಮುಂದೆ ಅವರ ದೃಷ್ಟಿಯೂ ಹೋಯಿತು. ಹೀಗೆ ದೃಷ್ಟಿಯಿಲ್ಲದವರನ್ನು ಕೈಹಿಡಿದು ನಡೆಸುವುದೂ ಅವರ ಮಾತಿಗೆ ಕಾದು ಕುಳಿತಿರುವುದೂ ಈ ಬಾಲಿಕೆಗೆ ಮನೆಯಲ್ಲೇ ಅಭ್ಯಾಸವಾಯಿತು. 1870ರ ದಶಕದ ಮಹಾಬರದಲ್ಲಿ, ಅಂದರೆ ನಮ್ಮ ಧಾರವಾಡ ಸೀಮೆಯನ್ನೂ ಸುಟ್ಟ ಆ ಹಸಿವೆಯ ಕಾಲದಲ್ಲಿ, ತಂದೆ, ತಾಯಿ, ಅಕ್ಕ ಮೂವರೂ ಕೆಲವೇ ತಿಂಗಳುಗಳ ಅಂತರದಲ್ಲಿ ಸತ್ತರು. ಉಳಿದವರು ಅಣ್ಣ ಶ್ರೀನಿವಾಸನೂ ರಮಾಬಾಯಿಯವರೂ ಮಾತ್ರ. ಇಬ್ಬರೂ ಕಾಲ್ನಡಿಗೆಯಲ್ಲಿ ಪಂಜಾಬದ ತನಕ ಹೋದರು. ಝೀಲಂ ನದಿಯ ದಡದಲ್ಲಿ ಚಳಿ ತಾಳಲಾರದೆ ಮರಳಿನಲ್ಲಿ ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಮೇಲೆ ಮರಳನ್ನು ಎಳಕೊಂಡು ಮಲಗಿದರೆಂದು ಆಕೆಯೇ ಬರೆದಿಟ್ಟಿದ್ದಾರೆ.

1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದಾಗ ಅಲ್ಲಿಯ ವಿದ್ವಾಂಸರು ಆಕೆಯ ಸಂಸ್ಕೃತ ಪಾಂಡಿತ್ಯವನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಅಣ್ಣನು 1880ರಲ್ಲಿ ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರನ್ನು ಆಕೆ ಮದುವೆಯಾದರು. 1881ರ ಎಪ್ರಿಲಿನಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ಸತ್ತರು. ಇಪ್ಪತ್ತುನಾಲ್ಕು ವರ್ಷವೂ ತುಂಬದ ವಿಧವೆ, ಮಡಿಲಲ್ಲಿ ಹತ್ತು ತಿಂಗಳ ಕೂಸು.

ಪುಣೆಗೆ ಬಂದ ಆಕೆ ಸ್ತ್ರೀಯರಿಗೋಸ್ಕರ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಸರಕಾರವು ನೇಮಿಸಿದ ಹಂಟರ್ ವಿದ್ಯಾ ಆಯೋಗದ ಮುಂದೆ ಸಾಕ್ಷಿ ಹೇಳಿ, ಹಿಂದೂ ಸ್ತ್ರೀಯರು ಪುರುಷ ವೈದ್ಯರಿಗೆ ತಮ್ಮ ರೋಗವನ್ನು ತೋರಿಸಲಾರದೆ ಸಾಯುತ್ತಾರೆ, ಆದದರಿಂದ ಸ್ತ್ರೀ ವೈದ್ಯರು ಬೇಕು ಎಂದು ಬಿನ್ನವಿಸಿದರು. ಆ ವಿದ್ಯೆಯನ್ನು ತಾವೇ ಕಲಿಯಬೇಕೆಂಬ ಆಶೆ ಆಕೆಯಲ್ಲಿ ಹುಟ್ಟಿತು. ಪ್ರಯಾಣದ ಖರ್ಚಿಗೆ ಆಕೆ ಯಾರ ಮುಂದೆಯೂ ಕೈಚಾಚಲಿಲ್ಲ. ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕವನ್ನು ಬರೆದು, ಅದು ಮಾರಿದ ಹಣದಿಂದ 1883ರಲ್ಲಿ ಮಗಳನ್ನೂ ಆನಂದಿಬಾಯಿ ಭಗತ್ ಎಂಬ ಗೆಳತಿಯನ್ನೂ ಕೂಡಿಕೊಂಡು ಹಡಗು ಹತ್ತಿದರು.

ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ ಸಂತ ಮರಿಯಳ ಹೆಸರಿನ ಆಂಗ್ಲಿಕನ್ ಸಹೋದರಿಯರ ಮಠವೊಂದಿತ್ತು. ಅದರ ಸಹೋದರಿಯರು ಪುಣೆಯಲ್ಲಿಯೂ ಕೆಲಸ ಮಾಡುತ್ತಿದ್ದರಾದ್ದರಿಂದ ರಮಾಬಾಯಿಯವರಿಗೆ ಅಲ್ಲಿ ಆಶ್ರಯ ದೊರಕಿತು. ಆ ಆಶ್ರಯವನ್ನು ಕೂಡ ಆಕೆ ಧರ್ಮಕ್ಕೆ ತೆಗೆದುಕೊಳ್ಳಲಿಲ್ಲ. ಭಾರತಕ್ಕೆ ಹೋಗಲಿದ್ದ ಸಹೋದರಿಯರಿಗೆ ಮರಾಠಿ ಕಲಿಸುವುದು, ಪ್ರತಿಯಾಗಿ ಅವರಿಂದ ಇಂಗ್ಲಿಷ್ ಕಲಿಯುವುದು ಮತ್ತು ಊಟ ವಸತಿ ಪಡೆಯುವುದು, ಹೀಗೆಂದು ಒಪ್ಪಂದವಾಗಿತ್ತು.

ಅಲ್ಲಿ ಎರಡು ದೊಡ್ಡ ಪೆಟ್ಟುಗಳು ಒಂದರ ಹಿಂದೆ ಒಂದು ಬಿದ್ದವು. ಜೊತೆಗೆ ಬಂದ ಆನಂದಿಬಾಯಿ ಭಗತ್ ಮನಸ್ಸು ಕದಡಿ, ತನ್ನ ಪ್ರಾಣವನ್ನು ತಾನೇ ಕಳಕೊಂಡಳು. ತನ್ನ ಭಾಷೆ ಬಲ್ಲ ಒಬ್ಬ ಸಂಗಾತಿಯೂ ಇಲ್ಲದೆ ರಮಾಬಾಯಿಯವರು ಆ ಹಿಮದ ದೇಶದಲ್ಲಿ ಒಂಟಿಯಾದರು. ಇನ್ನೊಂದು, ಕಿವಿಯ ಸಂಗತಿ. ಆಕೆಯ ಶ್ರವಣಶಕ್ತಿಯು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿತ್ತು. ವೈದ್ಯ ವಿದ್ಯೆಗೆ ಈ ಕಿವಿ ಸಾಲದೆಂದು ಇಂಗ್ಲೆಂಡಿನಲ್ಲಿ ಗೊತ್ತಾಯಿತು. ರೋಗಿಯ ಎದೆಯ ಬಡಿತವನ್ನು ಕೇಳಬೇಕಾದವರಿಗೆ, ಸಾಯುವವರ ಕ್ಷೀಣಸ್ವರವನ್ನು ಹಿಡಿಯಬೇಕಾದವರಿಗೆ ಕಿವಿ ಬೇಕಲ್ಲವೇ? ಯಾವ ಕೆಲಸಕ್ಕೋಸ್ಕರ ಸಮುದ್ರ ದಾಟಿ ಬಂದರೋ ಆ ಬಾಗಿಲು ಮುಚ್ಚಿತು.

ಬೇರೆಯವರಾಗಿದ್ದರೆ ಮುಂದಿನ ಹಡಗಿನಲ್ಲಿ ಹಿಂದಿರುಗುತ್ತಿದ್ದರು. ಆಕೆ ಉಳಿದರು. 1883ರ ಸೆಪ್ಟೆಂಬರ್ 29ರಂದು ಮಗಳ ಸಮೇತ ದೀಕ್ಷಾಸ್ನಾನ ಹೊಂದಿದರು. ಲಂಡನಿನ ಫುಲ್ಹಾಮಿನಲ್ಲಿ ದಾರಿತಪ್ಪಿದ ಸ್ತ್ರೀಯರನ್ನು ಆ ಸಹೋದರಿಯರು ಪ್ರೀತಿಯಿಂದ ಎತ್ತುತ್ತಿದ್ದುದನ್ನು ಕಂಡದ್ದೂ, ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಕರ್ತನು ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ್ದನ್ನು ಓದಿದ್ದೂ ಆಕೆಯ ಮನಸ್ಸನ್ನು ತಿರುಗಿಸಿದವು. 1884ರಲ್ಲಿ ಚೆಲ್ಟನ್‌ಹ್ಯಾಮ್ ಎಂಬ ಪಟ್ಟಣದ ಸ್ತ್ರೀ ವಿದ್ಯಾಲಯಕ್ಕೆ ಹೋದರು. ಆ ವಿದ್ಯಾಲಯದ ಮುಖ್ಯಸ್ಥೆ ಡೊರೊಥಿಯಾ ಬೀಲ್ ಮಿಸ್ಸಮ್ಮನವರು ಆ ಕಾಲದಲ್ಲಿ ಸ್ತ್ರೀವಿದ್ಯೆಗೆ ಹೆಸರಾದವರು. ರಮಾಬಾಯಿಯವರು ಅಲ್ಲಿ ಇಂಗ್ಲಿಷ್ ಸಾಹಿತ್ಯ, ಗಣಿತ, ಸೃಷ್ಟಿಶಾಸ್ತ್ರಗಳನ್ನು ಕಲಿತರು, ತಾವು ಸಂಸ್ಕೃತವನ್ನು ಕಲಿಸಿದರು. ವಿದ್ಯಾರ್ಥಿನಿಯೂ ಅವರೇ, ಉಪಾಧ್ಯಾಯಿನಿಯೂ ಅವರೇ.

ಕಿವಿ ಮಂದವಾದವರಿಗೆ ಕಾಗದವೇ ದೊಡ್ಡ ಆಸರೆ. ಬರೆದ ಮಾತು ಓಡಿಹೋಗುವುದಿಲ್ಲ; ಎರಡನೆಯ ಸಾರಿ ಕೇಳಬೇಕೆಂದು ನಾಚಬೇಕಾಗಿಲ್ಲ. ರಮಾಬಾಯಿಯವರು ವಾಂಟೇಜಿನ ಸಿಸ್ಟರ್ ಜೆರಾಲ್ಡಿನರಿಗೂ ಬೀಲ್ ಮಿಸ್ಸಮ್ಮನವರಿಗೂ ಉದ್ದುದ್ದ ಪತ್ರಗಳನ್ನು ಬರೆದರು. ತ್ರಯೈಕ್ಯದ ಕುರಿತು, ಸಭೆಯ ಅಧಿಕಾರದ ಕುರಿತು, ಊಟದ ಕುರಿತು, ಮಗಳ ಕುರಿತು. ಆ ಪತ್ರಗಳು ಉಳಿದುಕೊಂಡು 1977ರಲ್ಲಿ ಪುಸ್ತಕವಾಗಿ ಅಚ್ಚಾದವು. ಪರರ ಆಸರೆಯಲ್ಲಿದ್ದ ಒಬ್ಬ ವಿದ್ಯಾರ್ಥಿನಿಯು ಆ ಆಸರೆಯನ್ನು ಹೇಗೆ ನಡೆಸಿಕೊಂಡಳೆಂಬುದನ್ನು ಅವುಗಳಿಂದ ತಿಳಿಯಬಹುದು.

ಊಟದ ಸಂಗತಿಯನ್ನೇ ನೋಡಿರಿ. ಕ್ರೈಸ್ತಳಾದ ಮೇಲೆಯೂ ಆಕೆ ಶಾಕಾಹಾರವನ್ನು ಬಿಡಲಿಲ್ಲ. ತತ್ತಿ ಹಾಕಿದ ಸಿಹಿತಿಂಡಿಯನ್ನೂ ಮುಟ್ಟಲಿಲ್ಲ. ಸಹೋದರಿಯರಿಗೆ ಇದು ಹಳೇ ಜಾತಿಯ ಗರ್ವವೆಂದು ತೋರಿತು. ನೊಂದುಕೊಂಡು ಬುದ್ಧಿ ಹೇಳಿದರು. ಕ್ರಿಸ್ತನನ್ನು ನಂಬುವುದಕ್ಕೆ ತಮ್ಮ ತಾಯ್ತಂದೆಗಳ ಅಡಿಗೆಯನ್ನು ತ್ಯಜಿಸಬೇಕಾಗಿಲ್ಲವೆಂದು ಆಕೆ ಉತ್ತರ ಬರೆದರು. ಕೊರಳಿನ ಶಿಲುಬೆಯ ಮೇಲೆ ಲತೀನಿನ ಬದಲು ಸಂಸ್ಕೃತದ ಅಕ್ಷರಗಳಿರಬೇಕೆಂದು ಕೇಳಿಕೊಂಡದ್ದೂ ಈ ಬಗೆಯದೇ. ಮಗಳ ಸಂಗತಿಯು ಇದಕ್ಕಿಂತ ಕಠಿಣ. ತಾಯಿ ಚೆಲ್ಟನ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಎಳೆಯ ಮನೋರಮೆಯು ಬಹುಕಾಲ ವಾಂಟೇಜಿನಲ್ಲಿ ಸಹೋದರಿಯರ ಪಾಲನೆಯಲ್ಲಿದ್ದಳು. ಅವರು ಮಗುವನ್ನು ನಿಜವಾಗಿ ಪ್ರೀತಿಸಿದರು. ಆದರೆ ಮಗುವಿಗೆ ಏನನ್ನು ಕಲಿಸಬೇಕು, ಯಾವ ಮತಬೋಧೆಯನ್ನು ಕೊಡಬೇಕು ಎಂಬುದನ್ನು ತಾಯಿಯನ್ನು ಕೇಳದೆ ನಿರ್ಣಯಿಸಬಾರದೆಂದು ರಮಾಬಾಯಿಯವರು ಹಟಹಿಡಿದರು.

ಇನ್ನೊಂದು ಜಗಳವು ದುಡಿಮೆಯದು. ಭಾರತಕ್ಕೆ ಹೋಗಲಿದ್ದ ಇಂಗ್ಲಿಷ್ ಗಂಡಸರಿಗೆ ಭಾಷೆ ಕಲಿಸಿ ತಮ್ಮ ಖರ್ಚನ್ನು ಸಂಪಾದಿಸಿಕೊಳ್ಳಬೇಕೆಂದು ಆಕೆಯ ಇಚ್ಛೆ. ಸ್ತ್ರೀಯು ಪುರುಷರಿಗೆ ಪಾಠ ಹೇಳಿದರೆ ಭಾರತದಲ್ಲಿ ಆಕೆಯ ಹೆಸರು ಕೆಡುವುದೆಂದು ಬಿಷಪರು ತಡೆದರು. ಕಲ್ಕತ್ತೆಯ ಪಂಡಿತರ ಸಭೆಯಲ್ಲಿ ನಿಂತು ಮಾತಾಡಿದ್ದ ಆಕೆಗೆ ಈ ಮಾತು ಬಹಳ ನೋವನ್ನುಂಟುಮಾಡಿತು. ತಮ್ಮನ್ನು ಕೇಳದೆ ತಮ್ಮ ವಿಷಯದಲ್ಲಿ ದೂರದವರು ತೀರ್ಪು ಮಾಡುವುದನ್ನು ಆಕೆ ಒಪ್ಪಲಿಲ್ಲ.

ನಾನು ಮಿಶನಿನ ಅನ್ನ ತಿಂದು ಸೆಮಿನರಿಯಲ್ಲಿ ಓದಿದವನು. ಉಪಕಾರಿಗಳನ್ನು ದೂರುವುದು ನನಗೆ ಶೋಭಿಸದು. ಆ ಸಹೋದರಿಯರಿಲ್ಲದಿದ್ದರೆ ರಮಾಬಾಯಿಯವರು ಬೀದಿಯ ಪಾಲಾಗುತ್ತಿದ್ದರೆಂಬುದೂ ಸತ್ಯವೇ. ಆದಾಗ್ಯೂ ಆ ಪತ್ರಗಳ ಸಂಗತಿಯನ್ನು ಓದಿದಂದಿನಿಂದ ನನ್ನದೇ ಒಂದು ತಪ್ಪು ನನ್ನನ್ನು ಚುಚ್ಚುತ್ತಿದೆ. ನಾನು ಸೇವೆಮಾಡಿದ ಒಂದು ಸಭೆಯಲ್ಲಿ ಕಾಲುಗಳಲ್ಲಿ ಶಕ್ತಿಯಿಲ್ಲದ ಒಬ್ಬ ಹುಡುಗಿಯಿದ್ದಳು, ಓದಿನಲ್ಲಿ ಜಾಣೆ. ಕಾಲೇಜಿಗೆ ಹೋಗಬೇಕಾದರೆ ಸ್ನಾನಕ್ಕೂ ಬಟ್ಟೆ ಉಡುವುದಕ್ಕೂ ಗಾಲಿಕುರ್ಚಿಯಿಂದ ಮಂಚಕ್ಕೆ ಏರುವುದಕ್ಕೂ ಇನ್ನೊಬ್ಬರ ಕೈ ಬೇಕು. ಹಿರಿಯರು ಕೂಡಿದೆವು, ಪ್ರಾರ್ಥಿಸಿದೆವು, ಹಣ ಕೂಡಿಸಿದೆವು, ಅವಳನ್ನು ಎಲ್ಲಿ ಇಡಬೇಕು, ಯಾರು ನೋಡಿಕೊಳ್ಳಬೇಕು ಎಂದು ಎಲ್ಲವನ್ನೂ ಗೊತ್ತುಮಾಡಿದೆವು. ಅವಳು ಅದೇ ಮನೆಯ ಒಳಕೋಣೆಯಲ್ಲಿದ್ದಳು. ಅವಳನ್ನು ಒಬ್ಬರೂ ಕೇಳಲಿಲ್ಲ. ನಾವು ಗೊತ್ತುಮಾಡಿದ ಹೆಂಗಸಿನ ಕೈಯಿಂದ ಸ್ನಾನ ಮಾಡಿಸಿಕೊಳ್ಳಲು ಅವಳಿಗೆ ಸಂಕೋಚವಿತ್ತೆಂದೂ, ತನ್ನೊಡನೆ ಓದುವ ಗೆಳತಿಯೊಬ್ಬಳು ಸಂತೋಷದಿಂದ ಜೊತೆಗಿರಲು ಸಿದ್ಧಳಿದ್ದಳೆಂದೂ ತಿಂಗಳುಗಳ ಮೇಲೆ ತಿಳಿಯಿತು. ಅಷ್ಟರಲ್ಲಿ ಅವಳು ಓದು ಬಿಟ್ಟು ಮನೆಗೆ ಬಂದಿದ್ದಳು. ಮುಂದಿನ ವರ್ಷ ಅವಳ ಮಾತಿನಂತೆಯೇ ಏರ್ಪಾಡು ಮಾಡಿದೆವು, ಆದರೆ ಒಂದು ವರ್ಷವು ನಮ್ಮಿಂದ ಹಾಳಾಯಿತು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ, ಹೆಚ್ಚಿನ ಆಸರೆ ಬೇಕೆಂದು ಕಂಡವನು ತಾನೇ ಸರಕಾರಕ್ಕೆ ಅರ್ಜಿ ಕೊಡಬಹುದೆಂಬ ವಿಧಿಯುಂಟು. ಇಂಥ ಮಕ್ಕಳಿಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣವೂ, ಸರಕಾರೀ ಮತ್ತು ಸರಕಾರದ ನೆರವಿನ ಉನ್ನತ ವಿದ್ಯಾಲಯಗಳಲ್ಲಿ ನೂರಕ್ಕೆ 5 ಸ್ಥಾನಗಳೂ ಅದರಲ್ಲಿ ಗೊತ್ತಾಗಿವೆ. ನಮ್ಮ ಸಭೆಗಳ ಹಿರಿಯರು ಇದನ್ನು ತಿಳಿದಿರುವುದು ಒಳ್ಳೇದು.

ಚರಿತ್ರೆಗೆ ತಿರುಗೋಣ. 1886ರ ಫೆಬ್ರವರಿಯಲ್ಲಿ ರಮಾಬಾಯಿಯವರು ಮಗಳೊಡನೆ ಅಮೆರಿಕಕ್ಕೆ ಹೋದರು. ಆಕೆಯ ಸಂಬಂಧಿಕಳಾದ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದ ಸ್ತ್ರೀ ವೈದ್ಯ ವಿದ್ಯಾಲಯದಲ್ಲಿ ಮಾರ್ಚ್ 11ರಂದು ಪದವಿ ಹೊಂದುವುದನ್ನು ಕಣ್ಣಾರೆ ಕಂಡರು. ತಮಗೆ ಮುಚ್ಚಿದ ಬಾಗಿಲಿನೊಳಗೆ ಇನ್ನೊಬ್ಬಳು ಹೋದದ್ದನ್ನು ನೋಡಿ ಆಕೆಗೆ ಅಸೂಯೆಯಾಗಲಿಲ್ಲ. ಅಲ್ಲಿಯೇ ನಿಂತು ಚಿಕ್ಕ ಮಕ್ಕಳಿಗೆ ಆಟದ ಮೂಲಕ ಕಲಿಸುವ ಫ್ರೋಬೆಲ್ ಎಂಬವರ ಪದ್ಧತಿಯನ್ನು ಅಭ್ಯಾಸಮಾಡಿದರು. ಇದು ಕಣ್ಣು ಮತ್ತು ಕೈಗಳಿಂದ ಕಲಿಸುವ ವಿದ್ಯೆ. ಭಾರತದ ಉಚ್ಚ ಜಾತಿಯ ಸ್ತ್ರೀಯರ ಸ್ಥಿತಿಯ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದು 1887ರಲ್ಲಿ ಪ್ರಕಟಿಸಿದರು. ಅದರ ಮಾರಾಟದ ಹಣವೂ ಬಾಸ್ಟನ್ನಿನಲ್ಲಿ ಕೂಡಿದ ಸಂಘದ ಸಹಾಯವೂ ಆಕೆಯ ಮುಂದಿನ ಕೆಲಸಕ್ಕೆ ಬಂಡವಾಳವಾದವು.

1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ಶಾರದಾ ಸದನವೆಂಬ ವಿಧವಾ ಶಾಲೆ ತೆರೆಯಿತು. ಮರುವರ್ಷ ಅದು ಪುಣೆಗೆ ಬಂತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಶಾಲೆಯ ಒಡತಿ ಕ್ರೈಸ್ತಳಾಗಿದ್ದರೂ ಬ್ರಾಹ್ಮಣ ವಿಧವೆಯರು ತಮ್ಮ ಜಾತಿಯ ನಿಯಮದಂತೆಯೇ ಅಡಿಗೆ ಮಾಡಿಕೊಂಡು ಉಣ್ಣುವುದಕ್ಕೆ ಏರ್ಪಾಡು ಮಾಡಿದರು. ಯಾರ ಮೇಲೆಯೂ ಪ್ರಾರ್ಥನೆಯನ್ನು ಹೇರಲಿಲ್ಲ, ತಮ್ಮ ಪ್ರಾರ್ಥನೆಯನ್ನು ಮಾತ್ರ ಬಾಗಿಲು ಮುಚ್ಚದೆ ಮಾಡಿದರು. ವಾಂಟೇಜಿನ ಊಟದ ಮೇಜಿನಲ್ಲಿ ತಾವು ಪಟ್ಟ ಸಂಕಟವನ್ನು ಆಕೆ ಮರೆತಿರಲಿಲ್ಲವೆಂದು ನನಗೆ ತೋರುತ್ತದೆ. ಇಷ್ಟಾದರೂ 1893ರಲ್ಲಿ ಮತಾಂತರದ ಗುಲ್ಲೆದ್ದು ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು.

ಆಮೇಲೆ 1896-97ರ ಬರ. ಮಧ್ಯಪ್ರಾಂತದ ಹಸಿವೆಯ ಸುದ್ದಿ ಕೇಳಿ, ತಾಯ್ತಂದೆಗಳನ್ನು ಬರದಲ್ಲೇ ಕಳಕೊಂಡಿದ್ದ ಆಕೆಗೆ ಸುಮ್ಮನಿರಲಾಗಲಿಲ್ಲ. ನೂರಾರು ಬಾಲಿಕೆಯರನ್ನು ಕರೆತಂದು ಪುಣೆಯ ಪೂರ್ವಕ್ಕಿರುವ ಕೇಡಗಾಂವದ ಹೊಲದಲ್ಲಿ ಇಳಿಸಿದರು. ಅದೇ ಮುಕ್ತಿ ಸದನ. 1900ರ ಗುಜರಾತಿನ ಬರವಾದ ಮೇಲೆ ಅಲ್ಲಿಯವರ ಸಂಖ್ಯೆಯು 2000ದ ಸಮೀಪಕ್ಕೆ ಏರಿತು. ಬಂದವರಲ್ಲಿ ಕುರುಡರೂ ಕುಂಟರೂ ದುರ್ಬಲರೂ ಇದ್ದರು. ಕುರುಡು ಬಾಲಿಕೆಯರಿಗೆ ಆಕೆ ಬೇರೆಯೇ ಮನೆಯನ್ನು ಮಾಡಿ, ಯೆರಿಕೋವಿನ ದಾರಿಯ ಮಗ್ಗುಲಲ್ಲಿ ಕರ್ತನನ್ನು ಕೂಗಿದ ಬಾರ್ತಿಮಾಯನ ಹೆಸರನ್ನು ಅದಕ್ಕಿಟ್ಟರು. ಆ ಬಾರ್ತಿಮಾಯನನ್ನು ಸಹ ಕರ್ತನು ಮೊದಲು ಅವನಿಗೆ ಏನು ಬೇಕೆಂದು ಕೇಳಿದನೆಂಬುದನ್ನು ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ನೋಡಿರಿ. ಆ ಮನೆಯಲ್ಲಿ ಬಾಲಿಕೆಯರು ಬೆರಳಿನಿಂದ ಓದುವ ಬ್ರೇಲ್ ಲಿಪಿಯನ್ನೂ, ಚಾಪೆ ಬುಟ್ಟಿ ಹೆಣೆಯುವುದನ್ನೂ ಕಲಿತರು.

ಬ್ರೇಲ್ ಕಲಿಸಿದವಳು ಮನೋರಮೆ. ಬೆತ್ತದ ಪೆಟ್ಟಿಗೆಯಲ್ಲಿ ಘಟ್ಟ ಇಳಿದ ಕೂಸಿನ ಮಗಳು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಓದಿ ಬಂದು ತಾಯಿಯ ಬಲಗೈಯಾದಳು. ತಾಯಿಯ ಕಿವಿ ಕುಗ್ಗಿದಂತೆ ಸದನದ ಹೊರಗಿನ ವ್ಯವಹಾರಗಳು ಮಗಳ ಮೇಲೆ ಹೆಚ್ಚು ಹೆಚ್ಚಾಗಿ ಬಂದವು. 1912-13ರ ಸುಮಾರಿಗೆ, ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ತಾಯಿ ಮಗಳು ಕೂಡಿ ಬಾಲಿಕೆಯರ ಶಾಲೆಯನ್ನು ತೆರೆದರು. ಕನ್ನಡನಾಡಿನ ಕಾಡಿನಲ್ಲಿ ಹುಟ್ಟಿದ ಆಕೆಯ ಕೆಲಸವು ಹೀಗೆ ಪುನಃ ಕನ್ನಡನಾಡನ್ನು ಮುಟ್ಟಿತು. ಮನೋರಮೆಯು ಮೂವತ್ತು ದಾಟಿದ ಮೇಲೆ ಓದಿ 1917ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನು ಸಂಪಾದಿಸಿದಳು.

ರಮಾಬಾಯಿಯವರ ಕೊನೆಯ ವರ್ಷಗಳು ಬಹುಮಟ್ಟಿಗೆ ಕಾಗದದ ಮುಂದೆಯೇ ಕಳೆದವು. ಹಳ್ಳಿಯ ಹೆಂಗಸರಿಗೂ ಅರ್ಥವಾಗುವಂಥ ಮರಾಠಿಯಲ್ಲಿ ಸತ್ಯವೇದ ಬೇಕೆಂದು ಆಕೆ ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು ಮೂಲದಿಂದಲೇ ಭಾಷಾಂತರಿಸಿದರು. ಇದು ಕಿವಿ ಬೇಡದ ಕೆಲಸ. ಸದನದ ಛಾಪಖಾನೆಯಲ್ಲಿ ಅಕ್ಷರದ ಮೊಳೆಗಳನ್ನು ಜೋಡಿಸಿದವರು ಬರಗಾಲದಲ್ಲಿ ಬಂದ ಆ ಬಾಲಿಕೆಯರೇ. 1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು.

1921ರ ಜುಲೈ 24ರಂದು ಮನೋರಮೆಯು ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ವಾಂಟೇಜಿನಲ್ಲಿ ಯಾರ ಪಾಲನೆಗೋಸ್ಕರ ತಾಯಿ ಹಟಹಿಡಿದಿದ್ದರೋ, ಮುಪ್ಪಿನಲ್ಲಿ ಯಾರು ತಾಯಿಯ ಆಸರೆಯಾಗಿದ್ದರೋ ಆ ಮಗಳು ಮೊದಲು ಹೋದಳು. ತಾಯಿ ಭಾಷಾಂತರದ ಕರಡು ಹಾಳೆಗಳನ್ನು ತಿದ್ದುವುದನ್ನು ನಿಲ್ಲಿಸಲಿಲ್ಲ. ಆ ಕೆಲಸವನ್ನು ಮುಗಿಸಿ 1922ರ ಎಪ್ರಿಲ್ 5ರಂದು ಆಕೆಯೂ ಕೇಡಗಾಂವದಲ್ಲಿ ಕರ್ತನಲ್ಲಿ ನಿದ್ರೆಹೋದರು. ಸಮಗ್ರ ಗ್ರಂಥವು 1924ರಲ್ಲಿ ಹೊರಬಂತು. ಮುಕ್ತಿ ಮಿಶನ್ ಈಗಲೂ ಕೇಡಗಾಂವದಲ್ಲಿ ನಡೆಯುತ್ತಿದೆ. ದೃಷ್ಟಿಯಿಲ್ಲದ ಸ್ತ್ರೀಯರಿಗೆ ಅಲ್ಲಿ ಇಂದಿಗೂ ಮನೆಯುಂಟು.